ಮಿಲ್ಲಿಗೆ ಸೈರನ್ ಇತ್ತು, ವಾರ್ಡಿಗೆ?

1/5
ನಮ್ಮ ದಾವಣಗೆರೆನ ಒಂದು ಕಾಲದಲ್ಲಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಅಂತಿದ್ರು. ಆನೆಕೊಂಡದ ಕಡೆ ಹಳೇ ಮಿಲ್ ಕಾರ್ಮಿಕರು ಯಾರಾದ್ರೂ ಸಿಕ್ರೆ ಕೇಳಿ ನೋಡ್ರಿ. ಹತ್ತಿ ಮಿಲ್ಲಿನ ಸೈರನ್ ಬಗ್ಗೆ ಹೇಳ್ತಾರೆ. ಕೆಲಸ ಕಷ್ಟದ್ದೇ, ಆದ್ರೆ ಲೆಕ್ಕ ಇತ್ತು. 1948ರ ಕಾರ್ಖಾನೆ ಕಾಯ್ದೆ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಮೀರಿದ್ರೆ ಎರಡು ಪಟ್ಟು ಕೂಲಿ.

2/5
ಮುಂದೆ ಮಿಲ್ಲುಗಳು ಮುಚ್ಚಿದವು, ಊರು ಕಾಲೇಜುಗಳ ಊರಾಯ್ತು. ಜೆಜೆಎಂ ಮೆಡಿಕಲ್ ಕಾಲೇಜು 1965ರಿಂದಲೇ ಇದೆ. ಇಲ್ಲಿನ ಪಿಜಿಗಳನ್ನ ನಾವು ‘ರೆಸಿಡೆಂಟ್’ ಅಂತೀವಲ್ಲ, ಆ ಪದ ಎಲ್ಲಿಂದ ಬಂತು? 1889ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಶುರುವಾದಾಗ, ತರಬೇತಿ ವೈದ್ಯರು ಆಸ್ಪತ್ರೆಯಲ್ಲೇ ವಾಸ ಇರಬೇಕಿತ್ತು. ಅಲ್ಲೇ ಊಟ, ಅಲ್ಲೇ ನಿದ್ದೆ, ಅದೂ ಸಿಕ್ರೆ. ಈ ಪದ್ಧತಿ ಕಟ್ಟಿದ ಸರ್ಜನ್ ಹಾಲ್‌ಸ್ಟೆಡ್ ಕೊಕೇನ್, ಮಾರ್ಫಿನ್ ಚಟದಲ್ಲಿ ನರಳಿದವರು. ಅವರ ಪದ್ಧತಿ ಜಗತ್ತೆಲ್ಲ ಹರಡಿತು.

3/5
ಈ ಸುಸ್ತಿಗೆ ‘ಬರ್ನ್‌ಔಟ್’ ಅನ್ನೋ ಹೆಸರನ್ನ 1974ರಲ್ಲಿ ಬರೆದಿಟ್ಟವರು ಮನೋವಿಜ್ಞಾನಿ ಫ್ರಾಯ್ಡೆನ್‌ಬರ್ಗರ್. ಆಮೇಲೆ ಕ್ರಿಸ್ಟಿನಾ ಮ್ಯಾಸ್ಲಾಕ್ ಅದನ್ನ ಅಳೆಯೋ ಪ್ರಶ್ನಾವಳಿ ಮಾಡಿದ್ರು. ಮೂರು ಲಕ್ಷಣ: ಮೈಮನ ಪೂರ್ತಿ ಬತ್ತಿಹೋಗೋದು, ರೋಗಿ ಬರೀ ಬೆಡ್ ನಂಬರ್ ಆಗಿ ಕಾಣೋದು, ‘ನನ್ನ ಕೈಲಿ ಏನೂ ಆಗ್ತಿಲ್ಲ’ ಅನಿಸೋದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಕಾಯಿಲೆ ಅನ್ನಲಿಲ್ಲ, ಕೆಲಸದ ಜಾಗದ ಒತ್ತಡದಿಂದ ಬರೋ ಸ್ಥಿತಿ ಅಂತು.

4/5
ನಮ್ಮ ದೇಶದಲ್ಲಿ ನಿಯಮ ಇರಲಿಲ್ವಾ? ಇತ್ತು. ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ಯೋಜನೆಯಲ್ಲೇ ‘ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಸಲ 12 ಗಂಟೆ ಮೀರಬಾರದು’ ಅಂತಿತ್ತು. ಅದು ಕಾಗದದಲ್ಲೇ ಉಳೀತು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ಮಿತಿ ಶಿಫಾರಸು ಮಾಡಿತು: ವಾರಕ್ಕೆ 74 ಗಂಟೆ! ಸಮೀಕ್ಷೆಗೆ ಉತ್ತರಿಸಿದ ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ 27.8% ಜನ ತಮಗೆ ಮಾನಸಿಕ ಆರೋಗ್ಯದ ಸಮಸ್ಯೆ ಇದೆ ಅಂದಿದ್ರು.
ಗಂಟೆ ಒಂದೇ ಅಲ್ಲ, ದುಡ್ಡೂ ಇದೆ. 2021ರಲ್ಲಿ, ಕೋವಿಡ್ ಡ್ಯೂಟಿ ಮಾಡ್ತಿದ್ದ ನಮ್ಮೂರಿನ ಜೆಜೆಎಂ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಬಾಕಿಯಿದ್ದ ಸ್ಟೈಪೆಂಡ್‌ಗಾಗಿ ಧರಣಿ ಕೂತಿದ್ರು. ಸರ್ಕಾರ ಕೊಡಬೇಕಾ, ಕಾಲೇಜು ಕೊಡಬೇಕಾ ಅನ್ನೋ ಜಗ್ಗಾಟದ ನಡುವೆ ಸಿಕ್ಕಿದ್ದು ಅವರು.

5/5
‘ನಾವೂ ಹಿಂಗೇ ಕಲ್ತಿದ್ದು, ನಿಮಗೇನು ದಾಡಿ?’ ಅಂತ ಸೀನಿಯರ್ಸ್ ಅಂದಾಗ ಈ ಇತಿಹಾಸ ನೆನಪಿರಲಿ. ಮಿಲ್ ಕಾರ್ಮಿಕರೂ ಗಂಟೆ ಲೆಕ್ಕ ಕೇಳಿದಾಗ ಸೋಮಾರಿಗಳು ಅನ್ನಿಸಿಕೊಂಡಿದ್ರು. ಕೇಳಿ ಕೇಳಿಯೇ ಕಾಯ್ದೆ ಬಂತು. ನಿಮ್ಮ ಡ್ಯೂಟಿ ಗಂಟೆಗಳನ್ನ ಇವತ್ತಿಂದಲೇ ಬರೆದಿಡಿ, ಬ್ಯಾಚ್‌ಮೇಟ್ಸ್ ಹತ್ರಾನೂ ಬರೆಸಿ. ಕೇಳೋಕೆ ಹೋದಾಗ ಕೈಯಲ್ಲಿ ಲೆಕ್ಕ ಬೇಕು.
ತೀರಾ ಭಾರ ಅನಿಸ್ತಿದ್ರೆ ಒಬ್ರೇ ಹೊರಬೇಡಿ. ಟೆಲಿ ಮಾನಸ್ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹಾಸ್ಟೆಲ್ ರೂಮ್‌ಮೇಟ್‌ಗೂ ಕಳ್ಸಿ 🙏

#ದಾವಣಗೆರೆ #ಆನೆಕೊಂಡ #ನಮ್ಮೂರ_ಇತಿಹಾಸ #ಮೆಡಿಕೋಸ್