ಅಮಾನತ್ ಮತ್ತು ಅಮಾನತು: ನೈಜೀರಿಯಾದ ಗವರ್ನರ್ ಸನೂಸಿಯವರ ಐದು ವರ್ಷ

ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ ವಸ್ತು. ನೆರೆಯವರು ಹಜ್‌ಗೆ ಹೊರಡುವಾಗ ನಮ್ಮ ಕೈಗೆ ಕೊಟ್ಟು ಹೋದ ಒಡವೆ ಅಮಾನತ್. ಅದೇ ಪದ ಕನ್ನಡದ ಕಚೇರಿಗಳಿಗೆ ಬಂದು ‘ಅಮಾನತು’ ಆಗಿ, ಆರೋಪ ಹೊತ್ತ ನೌಕರನನ್ನು ಕೆಲಸದಿಂದ ತಡೆಹಿಡಿಯುವುದು ಎಂಬ ಅರ್ಥ ಪಡೆದಿದೆ. ಎರಡೂ ಭಾಷೆ ಪಾಠ ಮಾಡುವ ನನಗೆ ತರಗತಿಯಲ್ಲಿ ಇದನ್ನು ಬಿಡಿಸಿ ಹೇಳುವ ಪ್ರಸಂಗ ಪ್ರತಿ ವರ್ಷವೂ ಬರುತ್ತದೆ. ಒಬ್ಬನೇ ಮನುಷ್ಯನಿಗೆ, ಒಂದೇ ಹುದ್ದೆಯಲ್ಲಿ, ಈ ಎರಡೂ ಅರ್ಥಗಳು ಅನ್ವಯಿಸಿದ ಉದಾಹರಣೆ ಆಫ್ರಿಕಾ ಖಂಡದ ನೈಜೀರಿಯಾದಲ್ಲಿದೆ. ಆ ದೇಶದ ಕೇಂದ್ರ ಬ್ಯಾಂಕಿನ ಗವರ್ನರ್ ಆಗಿದ್ದ ಸನೂಸಿ ಲಾಮಿಡೊ ಸನೂಸಿಯವರ ಕಾರ್ಯವನ್ನು ನಾವು ಹೇಗೆ ತೂಗಬೇಕು ಎಂಬುದೇ ಈ ಲೇಖನದ ವಿಷಯ.

ಸನೂಸಿಯವರ ಹೆಸರು ನಮ್ಮವರಿಗೆ ಒಮ್ಮೆಲೇ ಆಪ್ತವೆನಿಸುತ್ತದೆ. ಉತ್ತರ ನೈಜೀರಿಯಾದ ಕಾನೋ ನಗರದ ಅರಮನೆ ಮನೆತನದಲ್ಲಿ 1961ರಲ್ಲಿ ಹುಟ್ಟಿದವರು. ಜಾರಿಯಾದ ಅಹ್ಮದು ಬೆಲ್ಲೊ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ, ಅಲ್ಲಿಯೇ ಕೆಲಕಾಲ ಪಾಠ ಹೇಳಿ, 1985ರಲ್ಲಿ ಬ್ಯಾಂಕು ಸೇರಿದರು. ಮುಂದೆ ಸುಡಾನಿನ ಖಾರ್ತೂಮಿಗೆ ಹೋಗಿ ಅರಬ್ಬಿ ಮತ್ತು ಇಸ್ಲಾಮಿಕ್ ಅಧ್ಯಯನದಲ್ಲಿಯೂ ಪದವಿ ಪಡೆದರು. ಹೀಗೆ ದೀನ್ ಮತ್ತು ದುನಿಯಾ ಎರಡನ್ನೂ ಓದಿಕೊಂಡವರೆಂದರೆ ನಮಗೆ ಅಭಿಮಾನ ಉಕ್ಕುವುದು ಸಹಜ. ಆದರೆ ಓದುಗರೇ, ಎಸ್.ಎಸ್.ಎಲ್.ಸಿ. ಉತ್ತರ ಪತ್ರಿಕೆಯ ಮೇಲೆ ಮಗುವಿನ ಹೆಸರು ಇರುವುದಿಲ್ಲ, ಬರೀ ಸಂಖ್ಯೆ ಇರುತ್ತದೆ. ಅದಕ್ಕೆ ಕಾರಣವಿದೆ. ಸನೂಸಿಯವರ ಉತ್ತರ ಪತ್ರಿಕೆಯನ್ನೂ ಹಾಗೆಯೇ ನೋಡೋಣ.

ಮೊದಲು ಪ್ರಶ್ನೆ ಪತ್ರಿಕೆ ಯಾವುದು ಎಂದು ತಿಳಿಯಬೇಕು. ನಮ್ಮಲ್ಲಿ ರಿಸರ್ವ್ ಬ್ಯಾಂಕ್ ಇದ್ದಂತೆ ಅಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ನೈಜೀರಿಯಾ ಇದೆ. 2007ರ ಕಾಯಿದೆಯು ಅದಕ್ಕೆ ಐದು ಹೊಣೆ ಹೊರಿಸಿದೆ. ಬೆಲೆಗಳನ್ನು ಸ್ಥಿರವಾಗಿಡುವುದು, ನೈರಾ ನಾಣ್ಯ ನೋಟುಗಳನ್ನು ಹೊರಡಿಸುವುದು, ವಿದೇಶಿ ವಿನಿಮಯದ ಸಂಗ್ರಹವನ್ನು ಕಾಯುವುದು, ಬ್ಯಾಂಕು ವ್ಯವಸ್ಥೆಯನ್ನು ಗಟ್ಟಿಯಾಗಿಡುವುದು, ಸರ್ಕಾರಕ್ಕೆ ಬ್ಯಾಂಕರ್ ಆಗಿ ಸಲಹೆ ಕೊಡುವುದು. ಗವರ್ನರನ ಜನಪ್ರಿಯತೆಯಾಗಲಿ, ಅವನ ಮನೆತನವಾಗಲಿ ಈ ಪಟ್ಟಿಯಲ್ಲಿಲ್ಲ.

2009ರ ಜೂನ್ ತಿಂಗಳಲ್ಲಿ ಅಧ್ಯಕ್ಷ ಉಮರು ಮೂಸಾ ಯಾರ್ ಅದುವಾ ಅವರು ಸನೂಸಿಯವರನ್ನು ಈ ಹುದ್ದೆಗೆ ತಂದರು. ಅವರ ಹಿಂದಿನ ಗವರ್ನರ್ ಚುಕ್ವುಮಾ ಸೊಲುಡೊ ಸಣ್ಣ ಕೆಲಸ ಮಾಡಿ ಹೋದವರಲ್ಲ. 2004ರಲ್ಲಿ ಅವರು ಪ್ರತಿ ಬ್ಯಾಂಕಿನ ಮೂಲ ಬಂಡವಾಳ 200 ಕೋಟಿ ನೈರಾದಿಂದ 2,500 ಕೋಟಿಗೆ ಏರಬೇಕೆಂದು ಆಜ್ಞೆ ಮಾಡಿದ್ದರು. ಇದರಿಂದ 89 ಬ್ಯಾಂಕುಗಳು 2005ರ ಕೊನೆಗೆ 25 ಆದವು. ಬ್ಯಾಂಕುಗಳು ದೊಡ್ಡವಾದವು, ಆದರೆ ಅವುಗಳ ಮೇಲಿನ ಕಣ್ಗಾವಲು ಅಷ್ಟು ದೊಡ್ಡದಾಗಲಿಲ್ಲ. ಕೈಗೆ ಬಂದ ಹಣವನ್ನು ಷೇರು ಪೇಟೆಯಲ್ಲಿ ಜೂಜಾಡುವವರಿಗೆ ಸಾಲ ಕೊಟ್ಟರು, ಪೆಟ್ರೋಲ್ ಆಮದುದಾರರಿಗೆ ಕೊಟ್ಟರು, ಕೆಲವರು ತಮ್ಮದೇ ಬ್ಯಾಂಕಿನ ಷೇರು ಕೊಳ್ಳಲು ಬೇನಾಮಿ ಸಾಲ ಕೊಟ್ಟುಕೊಂಡರು. 2008ರ ಮಾರ್ಚ್‌ನಲ್ಲಿ ಶಿಖರದಲ್ಲಿದ್ದ ಲಾಗೋಸ್ ಷೇರು ಸೂಚ್ಯಂಕ ಒಂದು ವರ್ಷದಲ್ಲಿ ಮೂರನೇ ಎರಡು ಭಾಗ ಕರಗಿತು. ಅದೇ ಹೊತ್ತಿಗೆ ಕಚ್ಚಾ ತೈಲದ ಬೆಲೆಯೂ ಕುಸಿಯಿತು. ಬ್ಯಾಂಕುಗಳು ಮಾತ್ರ ತಮ್ಮ ಲೆಕ್ಕದಲ್ಲಿ ಲಾಭವನ್ನೇ ತೋರಿಸುತ್ತಿದ್ದವು.

ಹುದ್ದೆಗೆ ಬಂದ ಕೂಡಲೇ ಸನೂಸಿ ಬ್ಯಾಂಕುಗಳ ಪುಸ್ತಕ ತೆರೆಸಿದರು. ಠೇವಣಿ ವಿಮಾ ನಿಗಮದೊಡನೆ ಜಂಟಿ ತಪಾಸಣೆ ನಡೆಯಿತು. 2009ರ ಆಗಸ್ಟ್ 14ರಂದು ಯೂನಿಯನ್ ಬ್ಯಾಂಕ್, ಓಶಿಯಾನಿಕ್, ಇಂಟರ್‌ಕಾಂಟಿನೆಂಟಲ್, ಆಫ್ರಿಬ್ಯಾಂಕ್, ಫಿನ್‌ಬ್ಯಾಂಕ್ ಈ ಐದರ ಮುಖ್ಯಸ್ಥರನ್ನು ಒಂದೇ ದಿನ ಮನೆಗೆ ಕಳುಹಿಸಿ, ಬ್ಯಾಂಕುಗಳಿಗೆ 42,000 ಕೋಟಿ ನೈರಾ ಹರಿಸಿದರು. ದೇಶದ ಒಟ್ಟು ಠೇವಣಿಯಲ್ಲಿ ಸುಮಾರು ಶೇಕಡಾ 30 ಈ ಐದು ಬ್ಯಾಂಕುಗಳಲ್ಲಿಯೇ ಇತ್ತು. ಅವು ಕೊಟ್ಟ ಸಾಲದಲ್ಲಿ ಸುಮಾರು ಶೇಕಡಾ 40 ವಸೂಲಾಗದ ಸಾಲ. ಅಕ್ಟೋಬರಿನಲ್ಲಿ ಮತ್ತೆ ಮೂರು ಬ್ಯಾಂಕುಗಳ ಮುಖ್ಯಸ್ಥರು ಹೋದರು, ಇನ್ನೂ 20,000 ಕೋಟಿ ನೈರಾ ಬಂತು. ಸಾಲ ತೀರಿಸದ ದೊಡ್ಡವರ ಹೆಸರುಗಳನ್ನು ಪತ್ರಿಕೆಗಳಲ್ಲಿಯೇ ಅಚ್ಚು ಹಾಕಿಸಿದರು. ಓಶಿಯಾನಿಕ್ ಬ್ಯಾಂಕಿನ ಮುಖ್ಯಸ್ಥೆಯಾಗಿದ್ದ ಸೆಸಿಲಿಯಾ ಇಬ್ರು 2010ರಲ್ಲಿ ತಪ್ಪೊಪ್ಪಿಕೊಂಡು ಆರು ತಿಂಗಳ ಶಿಕ್ಷೆ ಪಡೆದರು. ನೈಜೀರಿಯಾ, ದುಬೈ, ಅಮೆರಿಕಗಳಲ್ಲಿದ್ದ ಆಸ್ತಿಯೂ ಷೇರುಗಳೂ ಸೇರಿ ಸುಮಾರು 19,100 ಕೋಟಿ ನೈರಾ ಮೌಲ್ಯದ್ದನ್ನು ಬಿಟ್ಟುಕೊಟ್ಟರು. ಕೋಳಿ ಕದ್ದವನು ವರ್ಷಗಟ್ಟಲೆ ಜೈಲಿನಲ್ಲಿ ಕೊಳೆಯುವ ಲೋಕದಲ್ಲಿ ಆರು ತಿಂಗಳು ಬಹಳ ಕಡಿಮೆ ಎಂದು ನನಗೆ ಅನ್ನಿಸಿದೆ. ಆದರೆ ಶಿಕ್ಷೆ ಕೊಡುವುದು ನ್ಯಾಯಾಲಯದ ಕೆಲಸ, ಗವರ್ನರನದ್ದಲ್ಲ.

ಮುಖ್ಯ ಮಾತು ಇಲ್ಲಿದೆ. ಈ ಬಿರುಗಾಳಿಯಲ್ಲಿ ಠೇವಣಿ ಇಟ್ಟ ಒಬ್ಬನೇ ಒಬ್ಬ ಗ್ರಾಹಕನೂ ತನ್ನ ಹಣ ಕಳೆದುಕೊಳ್ಳಲಿಲ್ಲ. ಅಮಾನತ್ ಉಳಿಯಿತು. ಬ್ಯಾಂಕು ಮುಳುಗಿದಾಗ ಅದರ ಬಾಗಿಲ ಮುಂದೆ ಪಾಸ್ ಪುಸ್ತಕ ಹಿಡಿದು ನಿಂತ ವಿಧವೆಯ ಮುಖವನ್ನು ಯಾರಾದರೂ ಕಂಡಿದ್ದರೆ, ಈ ಒಂದು ಸಾಲಿನ ತೂಕ ಅವರಿಗೆ ತಿಳಿಯುತ್ತದೆ.

ಹಾಗೆಂದು ಯಾರಿಗೂ ನಷ್ಟವಾಗಲಿಲ್ಲ ಎಂದಲ್ಲ. 2010ರಲ್ಲಿ ಆಮ್ಕಾನ್ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿ, ಬ್ಯಾಂಕುಗಳ ಕೆಟ್ಟ ಸಾಲಗಳನ್ನು ಕೊಂಡುಕೊಂಡಿತು. ಅದಕ್ಕಾಗಿ ಹೊರಡಿಸಿದ ಬಾಂಡುಗಳ ಮೊತ್ತ 5 ಲಕ್ಷ ಕೋಟಿ ನೈರಾ ಮೀರಿತು. ಹತ್ತು ವರ್ಷ ಕಳೆದರೂ ಆ ಸಾಲ ತೀರಲಿಲ್ಲ. 2011ರ ಆಗಸ್ಟ್‌ನಲ್ಲಿ ಆಫ್ರಿಬ್ಯಾಂಕ್, ಬ್ಯಾಂಕ್ ಪಿ.ಎಚ್.ಬಿ., ಸ್ಪ್ರಿಂಗ್ ಬ್ಯಾಂಕ್ ಇವುಗಳ ಲೈಸೆನ್ಸ್ ರದ್ದಾಗಿ ಹೊಸ ಹೆಸರಿನ ಬ್ಯಾಂಕುಗಳು ಬಂದಾಗ, ಹಳೆಯ ಷೇರುದಾರರ ಕೈಯಲ್ಲಿ ಉಳಿದದ್ದು ಬರೀ ಕಾಗದ. ಇವರಲ್ಲಿ ಎಲ್ಲರೂ ಶ್ರೀಮಂತರಲ್ಲ. ಬ್ಯಾಂಕು ದೊಡ್ಡದಾಗುತ್ತಿದೆ ಎಂಬ ಜಾಹೀರಾತು ನಂಬಿ ಉಳಿತಾಯ ಸುರಿದ ಸಂಬಳದಾರರೂ ಇದ್ದರು. ಸಾವಿರಾರು ಬ್ಯಾಂಕು ನೌಕರರು ಕೆಲಸ ಕಳೆದುಕೊಂಡರು. ಇನ್ನೊಂದು ಆಕ್ಷೇಪವೂ ಇದೆ. ಗವರ್ನರ್ ಆಗುವ ಮುನ್ನ ಸನೂಸಿ ಫಸ್ಟ್ ಬ್ಯಾಂಕಿನ ಮುಖ್ಯಸ್ಥರು, ಅಂದರೆ ಈ ಬ್ಯಾಂಕುಗಳ ಪ್ರತಿಸ್ಪರ್ಧಿ. ಕೆಲಸ ಕಳೆದುಕೊಂಡ ಮುಖ್ಯಸ್ಥರು ದಕ್ಷಿಣದವರು, ಗವರ್ನರ್ ಉತ್ತರದವರು. ದಕ್ಷಿಣದಲ್ಲಿ ಕ್ರೈಸ್ತರು, ಉತ್ತರದಲ್ಲಿ ಮುಸ್ಲಿಮರು ಹೆಚ್ಚಾಗಿರುವ ದೇಶದಲ್ಲಿ ಇಂಥ ಸಂಶಯ ಎಷ್ಟು ಬೇಗ ಹಬ್ಬುತ್ತದೆ ಎಂದು ನಮಗೆ ಬಿಡಿಸಿ ಹೇಳಬೇಕಿಲ್ಲ. ನನ್ನ ಅಭಿಪ್ರಾಯದಲ್ಲಿ ತಪಾಸಣೆಯ ಅಂಕಿಗಳೇ ಈ ಸಂಶಯಕ್ಕೆ ಉತ್ತರ. ಕೆಟ್ಟ ಸಾಲಕ್ಕೆ ಉತ್ತರ ದಕ್ಷಿಣಗಳಿಲ್ಲ.

ಬೆಲೆಯ ಪ್ರಶ್ನೆಗೆ ಬರೋಣ. ಅವರು ಬಂದಾಗ ಹಣದುಬ್ಬರ ಎರಡಂಕಿಯಲ್ಲಿತ್ತು. 2013ರ ಡಿಸೆಂಬರಿನಲ್ಲಿ ಅದು ಶೇಕಡಾ 8ಕ್ಕೆ ಇಳಿದಿತ್ತು. ಇದಕ್ಕೆ ತೆತ್ತ ಬೆಲೆ ಬಡ್ಡಿ. 2011ರ ಅಕ್ಟೋಬರಿನಲ್ಲಿ ಒಂದೇ ಸಭೆಯಲ್ಲಿ ಮೂಲ ಬಡ್ಡಿ ದರ 9.25ರಿಂದ 12ಕ್ಕೆ ಏರಿತು, ಅವರು ಹೋಗುವವರೆಗೂ ಇಳಿಯಲಿಲ್ಲ. ಸಣ್ಣ ವ್ಯಾಪಾರಿಗೆ ಬ್ಯಾಂಕು ಸಾಲ ಅದಕ್ಕಿಂತಲೂ ದುಬಾರಿ. ವಿದೇಶಿ ವಿನಿಮಯದ ವಿಷಯದಲ್ಲಿ ನಾನು ಪೂರ್ತಿ ಅಂಕ ಕೊಡಲಾರೆ. ಅವರು ಬಂದಾಗ ಸಂಗ್ರಹ ಸುಮಾರು 4,300 ಕೋಟಿ ಡಾಲರ್, 2013ರ ಕೊನೆಗೂ ಹೆಚ್ಚು ಕಡಿಮೆ ಅಷ್ಟೇ. ಈ ನಡುವೆ ಮೂರು ವರ್ಷ ತೈಲ ಬ್ಯಾರೆಲ್‌ಗೆ ನೂರು ಡಾಲರ್ ಮೇಲಿತ್ತು. ಸುಗ್ಗಿಯ ಕಾಲದಲ್ಲಿ ಕಣಜ ತುಂಬಲಿಲ್ಲ. ಖರ್ಚು ಮಾಡಿದ್ದು ಸರ್ಕಾರಗಳು, ಇದನ್ನು ಸನೂಸಿ ಎಚ್ಚರಿಸುತ್ತಲೇ ಇದ್ದರು, ಆದರೂ ನೈರಾ ಸ್ಥಿರವಾಗಿದ್ದುದರಲ್ಲಿ ತೈಲದ ಪಾಲು ದೊಡ್ಡದು. 2014ರ ಮಧ್ಯದಲ್ಲಿ ತೈಲ ಕುಸಿದ ಮೇಲೆ ನೈರಾ ಏನಾಯಿತೆಂದು ಜಗತ್ತು ನೋಡಿತು.

ನಮ್ಮ ಓದುಗರು ಬಡ್ಡಿರಹಿತ ಬ್ಯಾಂಕಿನ ಬಗ್ಗೆ ಕೇಳಿಯೇ ಕೇಳುತ್ತಾರೆ. 2011ರಲ್ಲಿ ಕೇಂದ್ರ ಬ್ಯಾಂಕು ಅದಕ್ಕೆ ನಿಯಮಾವಳಿ ಹೊರಡಿಸಿತು. 2012ರ ಜನವರಿಯಲ್ಲಿ ಜೈಜ್ ಬ್ಯಾಂಕ್ ವ್ಯವಹಾರ ಆರಂಭಿಸಿತು. ಕ್ರೈಸ್ತ ಸಂಘಟನೆಗಳು ಬಲವಾಗಿ ವಿರೋಧಿಸಿ, ದೇಶವನ್ನು ಇಸ್ಲಾಮೀಕರಿಸುವ ಹುನ್ನಾರ ಎಂದವು. ನಿಜವೇನೆಂದರೆ ಲಾಭ ನಷ್ಟ ಹಂಚಿಕೆಯ ಬ್ಯಾಂಕಿಗೆ 1991ರ ಬ್ಯಾಂಕಿಂಗ್ ಕಾಯಿದೆಯಲ್ಲಿಯೇ ಅವಕಾಶವಿತ್ತು, ಜೈಜ್‌ನ ಪ್ರಯತ್ನವೂ ಸನೂಸಿಯವರಿಗಿಂತ ಹಳೆಯದು. ಆದ್ದರಿಂದ ವಿರೋಧಿಗಳು ಹೊರಿಸಿದಷ್ಟು ತಪ್ಪೂ ಇಲ್ಲ, ನಾವು ಹೊಗಳುವಷ್ಟು ಸಾಹಸವೂ ಅಲ್ಲ.

ಅವರ ನಾಲಿಗೆ ಮಾತ್ರ ಹರಿತ. 2010ರ ಕೊನೆಯಲ್ಲಿ ಒಂದು ಉಪನ್ಯಾಸದಲ್ಲಿ, ಕೇಂದ್ರ ಸರ್ಕಾರದ ಆಡಳಿತ ವೆಚ್ಚದ ಕಾಲು ಭಾಗ ಸಂಸತ್ತಿಗೇ ಹೋಗುತ್ತಿದೆ ಎಂದರು. ಸಂಸತ್ತು ಕರೆಸಿ ಕ್ಷಮೆ ಕೇಳಲು ಹೇಳಿದಾಗ ಕೇಳಲಿಲ್ಲ. 2012ರಲ್ಲಿ ಪೆಟ್ರೋಲ್ ಸಹಾಯಧನ ತೆಗೆಯುವುದನ್ನು ಸಮರ್ಥಿಸಿ ಬೀದಿಗಿಳಿದ ಬಡವರ ಕೋಪಕ್ಕೂ ಗುರಿಯಾದರು. ಅದೇ ವರ್ಷ 5,000 ನೈರಾದ ನೋಟು ತರಲು ಹೊರಟು, ಜನರ ವಿರೋಧದಿಂದ ಅಧ್ಯಕ್ಷರು ಅದನ್ನು ತಡೆದರು. ಕಾನೋದಲ್ಲಿ 2012ರ ಜನವರಿಯಲ್ಲಿ ಬಾಂಬು ದಾಳಿಯಾದಾಗ ಕೇಂದ್ರ ಬ್ಯಾಂಕಿನಿಂದ 10 ಕೋಟಿ ನೈರಾ ಕೊಟ್ಟರು. ನೊಂದವರಿಗೆ ನೆರವು ಪುಣ್ಯದ ಕೆಲಸವೇ, ಆದರೆ ಗವರ್ನರನ ಹುಟ್ಟೂರಿಗೆ ಹೋದದ್ದು ಅವನ ಜೇಬಿನ ಹಣವಲ್ಲ. ವಿಶ್ವವಿದ್ಯಾಲಯಗಳಿಗೂ ಹೀಗೆಯೇ ದೇಣಿಗೆ ಹೋಯಿತು. ಕೇಂದ್ರ ಬ್ಯಾಂಕಿನ ಬಜೆಟ್ಟು ಸಂಸತ್ತಿನ ಮುಂದೆ ಬರುತ್ತಿರಲಿಲ್ಲ. ಇತರರ ಲೆಕ್ಕ ಕೇಳಿದವರ ಮನೆಯ ಲೆಕ್ಕವೂ ತೆರೆದಿರಬೇಕಿತ್ತು. ನನ್ನ ದೃಷ್ಟಿಯಲ್ಲಿ ಅವರ ಅತಿ ದೊಡ್ಡ ಕೊರತೆ ಇದು.

ಈಗ ಕೊನೆಯ ಮತ್ತು ಕಠಿಣ ಪ್ರಶ್ನೆ. 2013ರ ಸೆಪ್ಟೆಂಬರಿನಲ್ಲಿ ಸನೂಸಿ ಅಧ್ಯಕ್ಷ ಗುಡ್‌ಲಕ್ ಜೊನಾಥನ್ ಅವರಿಗೆ ಪತ್ರ ಬರೆದರು. 2012ರ ಜನವರಿಯಿಂದ 2013ರ ಜುಲೈವರೆಗಿನ 19 ತಿಂಗಳಲ್ಲಿ ಸರ್ಕಾರಿ ತೈಲ ನಿಗಮವು ಖಜಾನೆಗೆ ಕಟ್ಟಬೇಕಿದ್ದ 4,980 ಕೋಟಿ ಡಾಲರ್ ಕಟ್ಟಿಲ್ಲ ಎಂಬುದು ಅದರ ಸಾರ. ಪತ್ರ ಬಹಿರಂಗವಾಗಿ ಗದ್ದಲವೆದ್ದಿತು. ಲೆಕ್ಕ ಕೂಡಿಸಿದಾಗ ಡಿಸೆಂಬರಿನಲ್ಲಿ ಸನೂಸಿ 1,200 ಕೋಟಿ ಎಂದರು, ಹಣಕಾಸು ಸಚಿವಾಲಯ 1,080 ಕೋಟಿ ಎಂದಿತು. 2014ರ ಫೆಬ್ರುವರಿಯಲ್ಲಿ ಸೆನೆಟ್ ಸಮಿತಿಯ ಮುಂದೆ ಸನೂಸಿಯವರ ಅಂಕಿ 2,000 ಕೋಟಿಗೆ ಬಂತು. ಗಣಿತದಲ್ಲಿ ಹೀಗೆ ಮೂರು ಉತ್ತರ ಬರೆದ ಹುಡುಗನಿಗೆ ನಾವು ಏನು ಹೇಳುತ್ತೇವೆ? ದೇಶದ ಬ್ಯಾಂಕರನ ಮೊದಲ ಅಂಕಿಯೇ ಗಟ್ಟಿಯಾಗಿರಬೇಕಿತ್ತು. ಎದುರಾಳಿಗಳಿಗೆ ಆಯುಧ ಕೊಟ್ಟವರು ಅವರೇ. ಆದರೆ ಉತ್ತರ ತಪ್ಪಿದ ಮಾತ್ರಕ್ಕೆ ಕೇಳಿದ ಪ್ರಶ್ನೆ ತಪ್ಪಾಗುವುದಿಲ್ಲ. ಸರ್ಕಾರವೇ ನೇಮಿಸಿದ ಪ್ರೈಸ್‌ವಾಟರ್‌ಹೌಸ್‌ಕೂಪರ್ಸ್ ಲೆಕ್ಕ ತಪಾಸಕರ ವರದಿ 2015ರಲ್ಲಿ ಹೊರಬಂದಾಗ, ಆ ಅವಧಿಯಲ್ಲಿ ಮಾರಿದ ತೈಲ 6,934 ಕೋಟಿ ಡಾಲರಿನದು, ಕಟ್ಟಿದ ಹಣ 5,081 ಕೋಟಿ ಎಂದಿತ್ತು. ನಡುವಿನ ಹಣಕ್ಕೆ ನಿಗಮವು ಸಹಾಯಧನ, ನಿರ್ವಹಣೆ ಎಂದು ಕಾರಣ ಕೊಟ್ಟಿತ್ತು. 2009ರಲ್ಲಿಯೇ ಅಧ್ಯಕ್ಷರು ನಿಲ್ಲಿಸಲು ಹೇಳಿದ್ದ ಸೀಮೆಎಣ್ಣೆ ಸಹಾಯಧನವನ್ನೂ ಮುರಿದುಕೊಂಡಿತ್ತು. ಕನಿಷ್ಠ 148 ಕೋಟಿ ಡಾಲರನ್ನು ನಿಗಮ ಹಿಂದಿರುಗಿಸಬೇಕೆಂದು ತಪಾಸಕರು ಹೇಳಿದರು. ತಮಗೆ ಬೇಕಾದ ಎಲ್ಲ ದಾಖಲೆಗಳೂ ಸಿಗಲಿಲ್ಲ ಎಂದೂ ಬರೆದರು.

ಆದರೆ ಆ ವರದಿ ಬರುವ ಹೊತ್ತಿಗೆ ಸನೂಸಿ ಹುದ್ದೆಯಲ್ಲಿರಲಿಲ್ಲ. 2014ರ ಫೆಬ್ರುವರಿ 20ರಂದು ಅವರು ನೆರೆಯ ನೈಜರ್ ದೇಶದ ನಿಯಾಮೆಯಲ್ಲಿ ಸಭೆಯಲ್ಲಿದ್ದಾಗ ಅಧ್ಯಕ್ಷರು ಅವರನ್ನು ಅಮಾನತು ಮಾಡಿದರು. ಕೇಂದ್ರ ಬ್ಯಾಂಕಿನ 2012ರ ಲೆಕ್ಕಪತ್ರದ ಮೇಲಿನ ಆಕ್ಷೇಪಗಳನ್ನು ಕಾರಣವಾಗಿ ಕೊಟ್ಟರು. ಅವಧಿ ಮುಗಿಯಲು ಇನ್ನು ನಾಲ್ಕು ತಿಂಗಳೂ ಇರಲಿಲ್ಲ. ಲಾಗೋಸಿನಲ್ಲಿ ಇಳಿದಾಗ ಪಾಸ್‌ಪೋರ್ಟ್ ಕಿತ್ತುಕೊಂಡರು. ಗವರ್ನರನನ್ನು ತೆಗೆಯಲು ಸೆನೆಟ್‌ನ ಮೂರನೇ ಎರಡು ಬಹುಮತ ಬೇಕೆಂದು 2007ರ ಕಾಯಿದೆ ಹೇಳುತ್ತದೆ. ‘ತೆಗೆದಿಲ್ಲ, ಅಮಾನತು ಮಾಡಿದ್ದೇವೆ’ ಎಂಬುದು ಸರ್ಕಾರದ ವಾದ. ಆಕ್ಷೇಪಗಳು ನಿಜವೇ ಆಗಿದ್ದರೆ ಸೆನೆಟ್‌ಗೆ ಹೋಗುವ ದಾರಿ ತೆರೆದೇ ಇತ್ತು. ಆ ದಾರಿ ಹಿಡಿಯಲಿಲ್ಲ ಎಂಬುದರಿಂದಲೇ ಇತಿಹಾಸವು ಆ ದಿನ ಸನೂಸಿಯವರ ಪಕ್ಷಕ್ಕೆ ವಾಲುತ್ತದೆ ಎಂದು ನಾನು ಭಾವಿಸುತ್ತೇನೆ.

ಜೂನ್‌ನಲ್ಲಿ ಗಾಡ್ವಿನ್ ಎಮೆಫಿಯೆಲೆ ಹೊಸ ಗವರ್ನರ್ ಆದರು. ಅದೇ ವಾರ ಕಾನೋದ ಎಮಿರ್ ಅದೊ ಬಯೆರೊ ತೀರಿಕೊಂಡು, ಜೂನ್ 8ರಂದು ಸನೂಸಿ ಆ ಗದ್ದುಗೆಗೆ ಆಯ್ಕೆಯಾದರು. ಅವರ ಅಜ್ಜ ಮುಹಮ್ಮದು ಸನೂಸಿ 1963ರಲ್ಲಿ ಅದೇ ಗದ್ದುಗೆಯಿಂದ ಇಳಿದಿದ್ದು ಎಮಿರೇಟಿನ ಹಣಕಾಸಿನ ವಿಚಾರಣೆಯ ಮೇಲೆ! ಮೊಮ್ಮಗನನ್ನೂ 2020ರಲ್ಲಿ ರಾಜ್ಯ ಸರ್ಕಾರ ಇಳಿಸಿತು, 2024ರಲ್ಲಿ ಮತ್ತೊಂದು ಸರ್ಕಾರ ಮರಳಿ ಕೂರಿಸಿತು.

ಎಮೆಫಿಯೆಲೆ ಒಂಬತ್ತು ವರ್ಷ ಗವರ್ನರ್ ಆಗಿದ್ದರು. ಅವರ ಕಾಲದಲ್ಲಿ ಕೇಂದ್ರ ಬ್ಯಾಂಕು ಕಾಯಿದೆಯ ಮಿತಿ ಮೀರಿ ಸರ್ಕಾರಕ್ಕೆ ಕೊಟ್ಟ ಮುಂಗಡ 22 ಲಕ್ಷ ಕೋಟಿ ನೈರಾ ದಾಟಿತು. ಸರ್ಕಾರಕ್ಕೆ ಇಲ್ಲ ಎನ್ನುವ ಗವರ್ನರನಿಗೆ ಏನಾಗುತ್ತದೆಂದು ಅವರು ಕಣ್ಣಾರೆ ಕಂಡಿದ್ದರು. 2023ರ ಜೂನ್ 9ರಂದು ಹೊಸ ಅಧ್ಯಕ್ಷ ಬೋಲಾ ತಿನುಬು ಅವರನ್ನೂ ಹುದ್ದೆಯಿಂದ ಸರಿಸಿದರು. ಸೆನೆಟ್‌ನ ಮತ ಆಗಲೂ ಕೇಳಲಿಲ್ಲ. ಆದೇಶದಲ್ಲಿ ಬಳಸಿದ ಪದ ಅದೇ, ಅಮಾನತು.