‘ಡಿ.ಸಿ.’: ಒಂದು ಸಂಕ್ಷೇಪದ ಅರ್ಥಚರಿತ್ರೆ

ಕನ್ನಡದ ಆಡಳಿತ ಬರಹದಲ್ಲಿ ‘ಡಿ.ಸಿ.’ ಎಂದರೆ ಡೆಪ್ಯುಟಿ ಕಮಿಷನರ್, ಅರ್ಥಾತ್ ಜಿಲ್ಲಾಧಿಕಾರಿ. ಭೌತವಿಜ್ಞಾನದ ಬರಹದಲ್ಲಿ ಅದೇ ರೂಪ ಏಕಮುಖ ವಿದ್ಯುತ್ಪ್ರವಾಹವನ್ನು ಸೂಚಿಸುತ್ತದೆ. ಇವು ಒಂದೇ ಪದದ ಅರ್ಥವಿಸ್ತಾರಗಳಲ್ಲ. ಬೇರೆ ಬೇರೆ ಪದಪುಂಜಗಳು ಮೊಟಕುಗೊಂಡು ಒಂದೇ ರೂಪ ತಾಳಿದ್ದರ ಫಲ. ಆದಕಾರಣ ಸಂಕ್ಷೇಪದ ಅರ್ಥಚರಿತ್ರೆಯೆಂದರೆ ಅದರ ವಿಸ್ತೃತ ರೂಪಗಳ ಚರಿತ್ರೆಯೇ ಆಗಿದೆ.

ಈ ಮಾತಿಗೆ ದಕ್ಷಿಣ ಕನ್ನಡದ ಕಂದಾಯ ಪರಿಭಾಷೆಯಾದ ‘ಡಿ.ಸಿ. ಮನ್ನಾ’ ಉತ್ತಮ ನಿದರ್ಶನ. ಇಲ್ಲಿನ ಡಿ.ಸಿ. ಅಧಿಕಾರಿಯಲ್ಲ, ‘ಡಿಪ್ರೆಸ್ಡ್ ಕ್ಲಾಸಸ್’. ಜಿಲ್ಲೆಯು ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ್ದ ಕಾಲದಲ್ಲಿ ದಲಿತರಿಗೆ ಮೀಸಲಿಟ್ಟ ಭೂಮಿಗೆ ಈ ಹೆಸರು. ಆಗ ಅಲ್ಲಿನ ಮುಖ್ಯಾಧಿಕಾರಿ ಕಲೆಕ್ಟರ್ ಆಗಿದ್ದುದರಿಂದ ಗೊಂದಲಕ್ಕೆ ಅವಕಾಶ ಕಡಿಮೆಯಿತ್ತು. 1935ರ ಭಾರತ ಸರ್ಕಾರ ಕಾಯ್ದೆಯು ‘ಡಿಪ್ರೆಸ್ಡ್ ಕ್ಲಾಸಸ್’ ಬದಲಿಗೆ ‘ಶೆಡ್ಯೂಲ್ಡ್ ಕಾಸ್ಟ್ಸ್’ ಎಂಬ ಪದವನ್ನು ತಂದಿತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ಮೈಸೂರಿನ ಆಡಳಿತದಲ್ಲಿ ರೂಢವಾಗಿದ್ದ ಡೆಪ್ಯುಟಿ ಕಮಿಷನರ್ ಎಂಬ ಪದನಾಮ ಅಲ್ಲಿಯೂ ನೆಲೆಗೊಂಡಿತು. ಒಂದು ವಿಸ್ತೃತ ರೂಪ ಮರೆಯಾದ ನೆಲದಲ್ಲಿ ಮತ್ತೊಂದು ಬೇರೂರಿತು. ಅಕ್ಷರಗಳು ಮಾತ್ರ ಬದಲಾಗಲಿಲ್ಲ.

ವಾಕ್ಯದಲ್ಲಿ ವ್ಯಾಕರಣವು ಅರ್ಥನಿರ್ಣಯಕ್ಕೆ ನೆರವಾಗುತ್ತದೆ. ‘ಡಿ.ಸಿ.ಯವರು ಬಂದರು’ ಎಂಬಲ್ಲಿ ಗೌರವಸೂಚಕ ಬಹುವಚನವು ವ್ಯಕ್ತಿಯನ್ನು ತೋರಿಸಿಕೊಡುತ್ತದೆ. ಸಮಾಸದ ಪೂರ್ವಪದವಾದಾಗ ಈ ಗುರುತು ಅಳಿಯುತ್ತದೆ. ಕೃಷಿಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಳಸಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೆಯ ಪ್ರಕರಣದಂತೆ ಪಡೆಯುವ ಅನುಮತಿಗೆ ಆಡುಮಾತಿನಲ್ಲಿ ‘ಡಿ.ಸಿ. ಕನ್ವರ್ಷನ್’ ಎನ್ನುತ್ತಾರೆ. ರಚನೆಯಲ್ಲಿ ಇದಕ್ಕೂ ‘ಡಿ.ಸಿ. ಮನ್ನಾ’ಕ್ಕೂ ಭೇದವಿಲ್ಲ, ಎರಡೂ ಭೂಮಿಗೆ ಸಂಬಂಧಿಸಿದವಾದ್ದರಿಂದ ಸಂದರ್ಭವೂ ನೆರವಿಗೆ ಬಾರದು. ಬಳಕೆಯಲ್ಲಿರುವ ಅರ್ಥವು ಮರೆತ ಅರ್ಥವನ್ನು ತನ್ನೆಡೆಗೆ ಸೆಳೆದುಕೊಳ್ಳುವ ಸಾಧ್ಯತೆ ಇಂಥಲ್ಲಿಯೇ ಹೆಚ್ಚು.

ಲಿಪಿಯೂ ಇದಕ್ಕೆ ಇಂಬು ಕೊಡುತ್ತದೆ. ‘ದ.ಕ.’ ಎಂಬುದರಲ್ಲಿ ಮೂಲಪದಗಳ ಮೊದಲ ಅಕ್ಷರಗಳೇ ಉಳಿದಿರುವುದರಿಂದ ಓದುಗನು ‘ದಕ್ಷಿಣ ಕನ್ನಡ’ವನ್ನು ಊಹಿಸಬಲ್ಲ. ‘ಡಿ’, ‘ಸಿ’ಗಳಾದರೋ ಇಂಗ್ಲಿಷ್ ಅಕ್ಷರಗಳ ಹೆಸರುಗಳು; ಅವುಗಳಿಂದ ಮೂಲವನ್ನು ತಲುಪಲು ಕನ್ನಡದೊಳಗೆ ದಾರಿಯಿಲ್ಲ.

‘ಡಿ.ಸಿ. ಮನ್ನಾ’ವನ್ನು ‘ಜಿಲ್ಲಾಧಿಕಾರಿಯ ಭೂಮಿ’ ಎಂದು ಓದಿದರೆ ಅಳಿಸಿಹೋಗುವುದು ಒಂದು ಸಮುದಾಯದ ಹಕ್ಕಿನ ಗುರುತು. ಆದ್ದರಿಂದ ನಿಘಂಟುಗಳು ಸಂಕ್ಷೇಪಗಳನ್ನು ಅನುಬಂಧಕ್ಕೆ ತಳ್ಳದೆ, ವಿಸ್ತೃತ ರೂಪ, ಪ್ರದೇಶ, ಕಾಲಗಳೊಡನೆ ಪ್ರತ್ಯೇಕ ಉಲ್ಲೇಖಗಳಾಗಿ ದಾಖಲಿಸುವುದು ಯುಕ್ತ.