ಚೌಡಿಕೆಯ ನಾದ, ಮಿದುಳಿನ ಅಲೆ

ಭಾರತ ಹುಣ್ಣಿಮೆಯ ಹಿಂದುಮುಂದಿನ ದಿನಗಳಲ್ಲಿ ಸವದತ್ತಿಯ ಯಲ್ಲಮ್ಮನ ಗುಡ್ಡ ಹತ್ತಿದರೆ ಮೊದಲು ಕಿವಿಗೆ ಬೀಳುವುದು ‘ಉಧೋ ಉಧೋ’ ಎಂಬ ಕೂಗು. ಅದರ ಬೆನ್ನಿಗೇ ಚೌಡಿಕೆಯ ಟಿಂವ್‌ಗುಟ್ಟುವ ನಾದ. ಚಕ್ಕಡಿ ಹೂಡಿಕೊಂಡು ಬಂದವರು, ಮಹಾರಾಷ್ಟ್ರ ಗೋವಾಗಳಿಂದ ಬಸ್ಸು ಹಿಡಿದವರು, ಅರಿಸಿನದ ಭಂಡಾರ ಮಾರುವವರು, ಕಾಯಿ ಕರ್ಪೂರದ ಅಂಗಡಿಯವರು, ಬಂದೋಬಸ್ತಿನ ಪೊಲೀಸರು ಎಲ್ಲರೂ ಕೇಳುವುದು ಅದೇ ನಾದವನ್ನು. ಅಷ್ಟು ಮಂದಿಯಲ್ಲಿ ಒಬ್ಬಾಕೆ ಮಾತ್ರ ಒಮ್ಮೆಲೇ ನಡುಗತೊಡಗುತ್ತಾಳೆ. ತುರುಬು ಬಿಚ್ಚಿ ತಲೆ ತೂಗುತ್ತಾಳೆ, ದನಿ ಬೇರೆಯಾಗುತ್ತದೆ. ‘ತಾಯಿ ಮೈಮ್ಯಾಲ ಬಂದಾಳ’ ಎಂದು ಸುತ್ತಲಿನವರು ಕೈಮುಗಿಯುತ್ತಾರೆ. ಪಕ್ಕದಲ್ಲೇ ಕೂತ ಬಳೆಗಾರ ಚಿಲ್ಲರೆ ಎಣಿಸುತ್ತಲೇ ಇರುತ್ತಾನೆ.

ಈ ಬರಹದಲ್ಲಿ ಆ ಬಳೆಗಾರನೂ ಮುಖ್ಯ. ಇಂತಿಂಥ ಕಂಪನದ ಸ್ವರ ಕೇಳಿದರೆ ಮಿದುಳಿನ ಅಲೆಗಳು ಅದಕ್ಕೆ ಹೊಂದಿಕೊಂಡು ಮನಸ್ಸು ಸಮ್ಮೋಹನಕ್ಕೆ ಜಾರುತ್ತದೆ ಎಂಬ ಮಾತು ಈಗ ಮೊಬೈಲಿನ ತುಂಬ ಹರಿದಾಡುತ್ತಿದೆ. ನಾದವೊಂದೇ ಸಾಕು ಎಂದಾಗಿದ್ದರೆ ಆ ಬಳೆಗಾರನಿಗೂ ಮೈದುಂಬಬೇಕಿತ್ತು.

ವಾದ್ಯ ಮತ್ತು ಮೇಳ

ಚೌಡಿಕೆ ಚರ್ಮವಾದ್ಯವೋ ತಂತಿವಾದ್ಯವೋ ಎಂದು ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಕಟ್ಟಿಗೆಯ ಕೊಳಗದಂಥ ಒಡಲು, ಅದರ ಒಂದು ಬಾಯಿಗೆ ಬಿಗಿದ ಚರ್ಮ, ಚರ್ಮದ ನಡುವಿನಿಂದ ಹೊರಟು ಪಕ್ಕದ ಕೋಲಿನ ತುದಿಗೆ ಕಟ್ಟಿದ ಒಂದೇ ತಂತಿ. ಮೀಟಿದ ತಂತಿ ಚರ್ಮವನ್ನು ಎಳೆದು ಬಿಡುತ್ತದೆ. ಎಳೆತ ಹೆಚ್ಚು ಕಡಿಮೆಯಾದಂತೆ ಸ್ವರ ಜಾರುತ್ತ ಏರಿಳಿಯುತ್ತದೆ. ಪರಶುರಾಮ ರಕ್ಕಸನೊಬ್ಬನನ್ನು ಕೊಂದು ಅವನ ದೇಹದಿಂದಲೇ ಇದನ್ನು ಮಾಡಿದ, ತಾಯಿ ಯಲ್ಲಮ್ಮನ ಮುಂದೆ ನುಡಿಸಿದ ಎಂದು ಚೌಡಿಕೆಯ ಪದ ಹಾಡುವವರು ಹೇಳುತ್ತಾರೆ. ಮೇಳದಲ್ಲಿ ಇದರ ಜೊತೆಗೆ ಶ್ರುತಿ ಹಿಡಿಯುವ ತುಂತುಣಿ, ತಾಳ, ಮುಂದಿನವರ ಸೊಲ್ಲನ್ನು ಎತ್ತಿಕೊಳ್ಳುವ ಹಿಮ್ಮೇಳ ಇರುತ್ತವೆ. ಯಲ್ಲಮ್ಮನ ಕಥೆ ರಾತ್ರಿಯೆಲ್ಲ ನಡೆಯಬಹುದು. ಅಷ್ಟು ಹೊತ್ತೂ ಸ್ವರಗಳು ಕೆಲವೇ, ನಡೆ ಒಂದೇ, ನಡುನಡುವೆ ಬಿರುಸು ಏರುತ್ತದೆ. ಪುನರಾವರ್ತನೆ ಮನಸ್ಸನ್ನು ಒಂದೆಡೆ ಕಟ್ಟಿಹಾಕುತ್ತದೆ ಎಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಮಿದುಳಿನ ಅಲೆಗಳು

ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತನ್ನು ಮೊದಲು ದಾಖಲಿಸಿ, 1929ರಲ್ಲಿ ಪ್ರಕಟಿಸಿದ. ಇಂದಿನ ಇಇಜಿಗೆ ಅದೇ ಮೂಲ. ನೆತ್ತಿಗೆ ಅಂಟಿಸಿದ ಬಿಲ್ಲೆಗಳು ಹಿಡಿಯುವುದು ಒಂದು ವೋಲ್ಟಿನ ಹತ್ತು ಲಕ್ಷ ಪಾಲಿನಲ್ಲಿ ಹತ್ತಾರು ಪಾಲಿನಷ್ಟೇ ಸಣ್ಣ ಏರಿಳಿತವನ್ನು. ಏರಿಳಿತ ಸೆಕೆಂಡಿಗೆ 4ಕ್ಕಿಂತ ಕಡಿಮೆ ಇದ್ದರೆ ಡೆಲ್ಟಾ, 4ರಿಂದ 8 ಥೀಟಾ, 8ರಿಂದ 13 ಆಲ್ಫಾ, 13ರಿಂದ 30 ಬೀಟಾ, ಅದರ ಮೇಲಿನದು ಗಾಮಾ. ಗಾಢ ನಿದ್ದೆಯಲ್ಲಿ ಡೆಲ್ಟಾ ಮೇಲುಗೈ ಪಡೆಯುತ್ತದೆ. ಎಚ್ಚರವಿದ್ದು ಕಣ್ಣು ಮುಚ್ಚಿದರೆ ಆಲ್ಫಾ ಏಳುತ್ತದೆ, ಕಣ್ಣು ತೆರೆದರೆ ಅಡಗುತ್ತದೆ.

ಗೊಂದಲ ಹುಟ್ಟುವುದು ಇಲ್ಲಿಯೇ. ಆಲ್ಫಾ ಎಂದರೆ ಶಾಂತಿ, ಥೀಟಾ ಎಂದರೆ ಧ್ಯಾನ ಎಂದು ಹೆಸರಿಟ್ಟು ಮಾರುವವರಿದ್ದಾರೆ. ಕಣ್ಣು ಮುಚ್ಚಿ ಸೊಸೈಟಿ ಸಾಲದ ಚಿಂತೆ ಮಾಡುತ್ತಿರುವವನ ತಲೆಯಲ್ಲೂ ಆಲ್ಫಾ ಕಾಣಬಹುದು. ತೂಕಡಿಸುವವನಲ್ಲಿಯೂ ಥೀಟಾ ಇರುತ್ತದೆ. ಅಲೆ ಕಂಡಿತೆಂದು ಮನಸ್ಸು ಹೀಗೆಯೇ ಇದೆ ಎನ್ನುವಂತಿಲ್ಲ.

ಎರಡು ಕಿವಿ, ಎರಡು ಸ್ವರ

ಧಾರವಾಡ ಸೀಮೆಯಲ್ಲಿ ತಂಬೂರಿ ಶ್ರುತಿ ಮಾಡುವುದನ್ನು ನೋಡಿದವರಿಗೆ ಮುಂದಿನ ವಿಷಯ ಅರ್ಧ ಗೊತ್ತೇ ಇದೆ. ಎರಡು ಜೋಡಿ ತಂತಿಗಳು ಕೂದಲೆಳೆಯಷ್ಟು ಬೇರೆಯಿದ್ದರೆ ನಾದ ‘ವಾಂವ್ ವಾಂವ್’ ಎಂದು ತೂಗುತ್ತದೆ. ಮಣಿ ಸರಿಸಿದಂತೆ ಆ ತೂಗಾಟ ನಿಧಾನವಾಗುತ್ತ ಬಂದು ಕೊನೆಗೆ ನಿಂತುಬಿಡುತ್ತದೆ. ಆಗ ಶ್ರುತಿ ಕೂಡಿತು. ಒಂದು ತಂತಿ ಸೆಕೆಂಡಿಗೆ 200 ಬಾರಿ, ಇನ್ನೊಂದು 204 ಬಾರಿ ಕಂಪಿಸಿದರೆ ತೂಗಾಟ ಸೆಕೆಂಡಿಗೆ 4. ಈ ತೂಗಾಟ ಗಾಳಿಯಲ್ಲೇ ಇರುತ್ತದೆ, ಒಂದೇ ಕಿವಿಯವನಿಗೂ ಕೇಳುತ್ತದೆ.

ಈಗ 200ರ ಸ್ವರವನ್ನು ಎಡಗಿವಿಗೆ, 204ರದನ್ನು ಬಲಗಿವಿಗೆ ಇಯರ್‌ಫೋನಿನಲ್ಲಿ ಬೇರೆ ಬೇರೆಯಾಗಿ ಕೊಡಿ. ಗಾಳಿಯಲ್ಲಿ ಅವು ಬೆರೆಯುವುದೇ ಇಲ್ಲ. ಆದರೂ ತೂಗಾಟ ಮಸುಕಾಗಿ ಕೇಳುತ್ತದೆ. ಎರಡೂ ಕಿವಿಯ ಸುದ್ದಿ ಸೇರುವ ಮಿದುಳುಕಾಂಡದಲ್ಲಿ ಅದು ಹುಟ್ಟುತ್ತದೆ. ಸದ್ದು ಯಾವ ದಿಕ್ಕಿನಿಂದ ಬಂತೆಂದು ಲೆಕ್ಕ ಹಾಕುವ ನರಕೋಶಗಳೇ ಇಲ್ಲಿಯೂ ಕೆಲಸ ಮಾಡುತ್ತವೆ. ಇದಕ್ಕೆ ಬೈನಾರಲ್ ಬೀಟ್ ಎಂದು ಹೆಸರು. 19ನೇ ಶತಮಾನದಲ್ಲಿ ಪ್ರಶ್ಯದ ವಿಜ್ಞಾನಿ ಹೈನ್‌ರಿಕ್ ವಿಲ್ಹೆಲ್ಮ್ ಡೋವ್ ಇದನ್ನು ಗುರುತಿಸಿದ. 1973ರಲ್ಲಿ ಜೆರಾಲ್ಡ್ ಆಸ್ಟರ್ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದ ಮೇಲೆ ಹೆಚ್ಚು ಜನರಿಗೆ ತಿಳಿಯಿತು. ಮೂಲ ಸ್ವರ 1000 ಹರ್ಟ್ಸ್ (ಸೆಕೆಂಡಿಗೆ 1000 ಕಂಪನ) ದಾಟಿದರೆ ಇದು ಕೇಳುವುದಿಲ್ಲ. ಎರಡರ ನಡುವಿನ ಅಂತರ 30ರ ಆಚೆ ಹೋದರೆ ತೂಗಾಟ ಹೋಗಿ ಎರಡು ಬಿಡಿ ಸ್ವರಗಳಾಗಿ ಕೇಳುತ್ತವೆ. ಅಮೆರಿಕದ ರಾಬರ್ಟ್ ಮನ್ರೋ ಇದನ್ನು ಕ್ಯಾಸೆಟ್ಟುಗಳಿಗೆ ತುಂಬಿ ಮಾರುಕಟ್ಟೆಗೆ ತಂದ. ಇಂದಿನ ಆ್ಯಪ್‌ಗಳು ಆ ಕ್ಯಾಸೆಟ್ಟಿನ ಮೊಮ್ಮಕ್ಕಳು.

ಬೈನಾರಲ್ ಬೀಟ್ ನಿಜಕ್ಕೂ ಮಿದುಳಿನ ಅಲೆಗಳನ್ನು ತನ್ನ ವೇಗಕ್ಕೆ ಎಳೆಯುತ್ತದೆಯೇ? 2023ರಲ್ಲಿ ‘ಪ್ಲಾಸ್ ಒನ್’ ನಿಯತಕಾಲಿಕೆಯಲ್ಲಿ ಬಂದ ಸಮೀಕ್ಷೆಯೊಂದು 14 ಇಇಜಿ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಹೌದು ಎಂದವು 5, ಇಲ್ಲ ಎಂದವು 8, ಎರಡೂ ಕಡೆ ವಾಲಿದ್ದು 1. 2020ರ ಇನ್ನೊಂದು ಪ್ರಯೋಗದಲ್ಲಿ ಗಾಳಿಯಲ್ಲೇ ಬೆರೆತ ಸಾದಾ ತೂಗಾಟವೇ ಮಿದುಳಿನಲ್ಲಿ ಬೈನಾರಲ್‌ಗಿಂತ ಹೆಚ್ಚು ಸ್ಪಷ್ಟವಾದ ಅಲೆ ಎಬ್ಬಿಸಿತು. ಕೇಳಿದವರ ಮನಸ್ಥಿತಿಯನ್ನು ಮಾತ್ರ ಎರಡೂ ಬದಲಿಸಲಿಲ್ಲ.

ಮಿದುಳು ಸದ್ದನ್ನು ಹಿಂಬಾಲಿಸುವುದೇ ಇಲ್ಲ ಎಂದಲ್ಲ. ಕೂಸುಗಳ ಶ್ರವಣ ಪರೀಕ್ಷೆಯ ಒಂದು ಬಗೆ ನಿಂತಿರುವುದೇ ಅದರ ಮೇಲೆ. ಮಲಗಿದ ಮಗುವಿನ ಕಿವಿಗೆ ಸೆಕೆಂಡಿಗೆ 80ರಿಂದ 100 ಬಾರಿ ಏರಿಳಿಯುವ ಸ್ವರ ಕೇಳಿಸುತ್ತಾರೆ. ನೆತ್ತಿಯ ಬಿಲ್ಲೆಗಳಲ್ಲಿ ಅದೇ ವೇಗದ ಅಲೆ ಕಂಡರೆ ಕಿವಿ ಕೇಳುತ್ತಿದೆ ಎಂದರ್ಥ. ಇಲ್ಲಿ ಗಮನಿಸಬೇಕಾದದ್ದು ಕೂಸನ್ನು. ಮಿದುಳು ಗಾಮಾ ವೇಗದಲ್ಲಿ ಸದ್ದಿನ ಬೆನ್ನು ಹತ್ತಿದ್ದರೂ ಅದು ಗೊರಕೆ ಹೊಡೆಯುತ್ತ ಮಲಗಿಯೇ ಇರುತ್ತದೆ.

ಬಡಿತದ ವಾದ, ಅದಕ್ಕೆ ಎದುರುವಾದ

ಆವೇಶಕ್ಕೂ ವಾದ್ಯದ ಬಡಿತಕ್ಕೂ ನೇರ ನಂಟು ಹಾಕಿದವನು ಅಮೆರಿಕದ ಆಂಡ್ರೂ ನೆಹರ್. 1961 ಮತ್ತು 1962ರ ಪ್ರಬಂಧಗಳಲ್ಲಿ, ಸೆಕೆಂಡಿಗೆ ಇಷ್ಟು ಬಾರಿ ಎಂದು ಬೀಳುವ ಡೋಲಿನ ಪೆಟ್ಟು ಮಿದುಳಿನ ಅಲೆಗಳನ್ನು ತನ್ನ ತಾಳಕ್ಕೆ ಎಳೆಯುತ್ತದೆ, ಆಚರಣೆಗಳಲ್ಲಿ ಜನ ಮೈಮರೆಯುವುದಕ್ಕೆ ಅದೇ ಕಾರಣ ಎಂದ. ಪ್ರಯೋಗಶಾಲೆಯಲ್ಲಿ ಒಬ್ಬರನ್ನೂ ಆವೇಶಕ್ಕೆ ತರಲಿಲ್ಲ ಎಂಬುದು ಬೇರೆ ಮಾತು. ಫ್ರಾನ್ಸಿನ ಸಂಗೀತ ಮಾನವಶಾಸ್ತ್ರಜ್ಞ ಗಿಲ್ಬರ್ಟ್ ರೂಜೆ 1980ರ ತನ್ನ ಗ್ರಂಥದಲ್ಲಿ ಈ ವಾದವನ್ನು ಚೆನ್ನಾಗಿಯೇ ಗೇಲಿ ಮಾಡಿದ. ಬಡಿತವೇ ಕಾರಣವಾದರೆ ಆಫ್ರಿಕದ ಅರ್ಧ ಜನ ವರ್ಷವಿಡೀ ಆವೇಶದಲ್ಲೇ ಇರಬೇಕಾಗುತ್ತಿತ್ತು ಎಂಬುದು ಅವನ ವಾದದ ತಿರುಳು. ನುಡಿಸುವವರಿಗೆ ಆವೇಶ ಬರುವುದು ಅಪರೂಪ ಎಂಬುದನ್ನೂ ಅವನು ಒತ್ತಿ ಹೇಳಿದ. ಗುಡ್ಡದಲ್ಲೂ ಅಷ್ಟೇ. ಚೌಡಿಕೆ ಹಿಡಿದವಳಿಗೆ ತಾಳ ತಪ್ಪದಂತೆ ನೋಡಿಕೊಳ್ಳುವ ಕೆಲಸವಿರುತ್ತದೆ, ಮೈಮರೆಯಲು ಪುರುಸೊತ್ತಿರುವುದಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಬಾಲಿ ದ್ವೀಪದ ಒಂದು ದಾಖಲೆ. ಜಪಾನಿನ ತ್ಸುತೊಮು ಓಹಾಶಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ, ದೇವರ ಹರಕೆಯ ನಾಟಕ ಆಡುತ್ತಿದ್ದ ಮೂವರು ಗಂಡಸರ ತಲೆಗೆ ನಿಸ್ತಂತು ಇಇಜಿ ಕಟ್ಟಿದ್ದರು. ಮೂವರಿಗೂ ಹೆಚ್ಚು ಕಡಿಮೆ ಅದೇ ಸನ್ನಿವೇಶ. ಆವೇಶ ಬಂದದ್ದು ಒಬ್ಬನಿಗೆ. ಅವನಲ್ಲಿ ಥೀಟಾ ಮತ್ತು ಆಲ್ಫಾ ಬಲವಾದವು, ಮೂರ್ಛೆರೋಗದ ಲಕ್ಷಣ ಒಂದೂ ಇರಲಿಲ್ಲ. ಉಳಿದಿಬ್ಬರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಮೈದುಂಬಿದಾಗ ಮಿದುಳಿನಲ್ಲಿ ಏನೋ ನಡೆಯುವುದು ನಿಜ, ಅದು ನಟನೆಯಲ್ಲ. ಆದರೆ ಅದನ್ನು ತಂದದ್ದು ವಾದ್ಯವೊಂದೇ ಅಲ್ಲ ಎಂಬುದೂ ಅಷ್ಟೇ ನಿಜ.

ಸಮ್ಮೋಹನ

ಹಳ್ಳಿಯ ಮಾತಿನಲ್ಲಿ ಸಮ್ಮೋಹನವೆಂದರೆ ಮಂಕುಬೂದಿ, ಸಿನಿಮಾದಲ್ಲಿ ತೂಗುವ ಗಡಿಯಾರ. ಚರಿತ್ರೆಯಲ್ಲಿ ಇದರೊಡನೆ ಸಂಗೀತ ಮೊದಲಿನಿಂದಲೂ ಇದೆ. 18ನೇ ಶತಮಾನದ ವೈದ್ಯ ಫ್ರಾಂಟ್ಸ್ ಮೆಸ್ಮರ್ ತನ್ನ ರೋಗಿಗಳಿಗೆ ಗಾಜಿನ ಬಟ್ಟಲುಗಳ ವಾದ್ಯ ಕೇಳಿಸುತ್ತಿದ್ದ. ಆ ವಾದ್ಯಕ್ಕೆ ಹೊಸ ರೂಪ ಕೊಟ್ಟವನು ಬೆಂಜಮಿನ್ ಫ್ರಾಂಕ್ಲಿನ್. ತಮಾಷೆಯೆಂದರೆ 1784ರಲ್ಲಿ ಮೆಸ್ಮರನ ಪದ್ಧತಿಯನ್ನು ಪರೀಕ್ಷಿಸಿ, ಇದರಲ್ಲಿರುವುದು ರೋಗಿಯ ಕಲ್ಪನೆಯ ಬಲವಷ್ಟೆ ಎಂದು ತೀರ್ಪು ಕೊಟ್ಟ ಸಮಿತಿಯಲ್ಲಿ ಇದ್ದವನೂ ಅದೇ ಫ್ರಾಂಕ್ಲಿನ್. 1843ರಲ್ಲಿ ಮ್ಯಾಂಚೆಸ್ಟರಿನ ಜೇಮ್ಸ್ ಬ್ರೇಡ್ ಇದನ್ನು ಹಿಪ್ನಾಟಿಸಂ ಎಂಬ ಹೆಸರಿನಲ್ಲಿ ವೈದ್ಯಕ್ಕೆ ತಂದ. ಅದೇ ದಶಕದಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್‌ಡೇಲ್ ಅರಿವಳಿಕೆ ಇಲ್ಲದೆ, ಮೆಸ್ಮರನ ಪದ್ಧತಿಯ ಬಲದಿಂದಲೇ ಶಸ್ತ್ರಚಿಕಿತ್ಸೆಗಳನ್ನು ಮಾಡುತ್ತಿದ್ದ.

ಸಮ್ಮೋಹನ ನಿದ್ದೆಯಲ್ಲ. ಗಮನ ಒಂದರ ಮೇಲೆ ನೆಟ್ಟು, ಸುತ್ತಲಿನದು ಮಸುಕಾಗಿ, ಹೇಳಿದ ಮಾತಿಗೆ ದೇಹ ತಾನಾಗಿಯೇ ಓಗೊಡುವ ಸ್ಥಿತಿ ಅದು. ಸ್ಟ್ಯಾನ್‌ಫರ್ಡಿನ ವೈಟ್ಸೆನ್‌ಹಾಫರ್ ಮತ್ತು ಹಿಲ್ಗಾರ್ಡ್ 1959ರಲ್ಲಿ ಇದಕ್ಕೊಂದು ಅಳತೆಗೋಲು ಮಾಡಿದರು. ಕೆಲವರು ಸುಲಭವಾಗಿ ಒಳಗಾಗುತ್ತಾರೆ, ಕೆಲವರು ಏನು ಮಾಡಿದರೂ ಇಲ್ಲ, ಹೆಚ್ಚಿನವರು ನಡುವೆ ಎಲ್ಲೋ ಇರುತ್ತಾರೆ. ವರ್ಷಗಳು ಕಳೆದರೂ ಒಬ್ಬರ ಅಂಕ ಅಷ್ಟಾಗಿ ಬದಲಾಗುವುದಿಲ್ಲ. ‘ಇದು ಸಮ್ಮೋಹನವೇ’ ಎಂದು ಬೆರಳಿಟ್ಟು ತೋರಿಸಬಹುದಾದ ಅಲೆ ಇಇಜಿಯಲ್ಲಿ ಈವರೆಗೆ ಸಿಕ್ಕಿಲ್ಲ.

ಗುಡ್ಡದಲ್ಲಿ ನಾದದ ಜೊತೆಗೆ ಏನೇನಿದೆ

ಹರಕೆ ಹೊತ್ತು ಬಂದ ಹೆಂಗಸಿನ ಆ ದಿನವನ್ನು ನೆನೆಸಿಕೊಳ್ಳಿ. ರಾತ್ರಿ ಚಕ್ಕಡಿಯಲ್ಲೋ ಟ್ರಾಕ್ಟರಿನಲ್ಲೋ ನಿದ್ದೆಗೆಟ್ಟಿದ್ದಾಳೆ. ಜೋಗುಳಬಾವಿಯಲ್ಲಿ ತಣ್ಣೀರು ಮಿಂದು, ಉಪವಾಸದಲ್ಲೇ ಗುಡ್ಡ ಏರಿದ್ದಾಳೆ. ಪಡಲಗಿ (ದೇವಿಯ ಎಡೆಯ ಬುಟ್ಟಿ) ತುಂಬಿಸುವ ಅಡುಗೆಯ ಹೊಗೆ, ಮೈಕೈಗೆಲ್ಲ ಭಂಡಾರ, ನೂಕುನುಗ್ಗಲು, ಬಿಸಿಲು. ಉಧೋ ಎಂದು ಕೂಗಿ ಕೂಗಿ ಉಸಿರು ವೇಗವಾಗಿದೆ. ಹಾಗೆ ಬಿರುಸಾಗಿ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ಕೈಬೆರಳು ಜುಮುಗುಡುತ್ತವೆ, ತಲೆ ಹಗುರಾಗುತ್ತದೆ. ತಲೆ ತೂಗಿದರೆ ಒಳಗಿವಿಯ ಸಮತೋಲ ಕೆಡುತ್ತದೆ. ಇದೆಲ್ಲದರ ಮೇಲೆ, ಚಿಕ್ಕಂದಿನಿಂದ ಅವ್ವನನ್ನೋ ಅಜ್ಜಿಯನ್ನೋ ನೋಡುತ್ತ, ಯಲ್ಲವ್ವ ಬರುವುದು ಎಂದರೆ ಹೇಗೆ ಎಂಬುದನ್ನು ಅವಳ ಮೈ ಕಲಿತುಬಿಟ್ಟಿರುತ್ತದೆ. ಚೌಡಿಕೆ ಬಿರುಸಾದಾಗ ಈಗ ಬರಬಹುದು ಎಂಬ ಸೂಚನೆ ಸಿಗುತ್ತದೆ. ಬಳೆಗಾರನಿಗೆ ಆ ಕಲಿಕೆಯೂ ಇಲ್ಲ, ಕಾತರವೂ ಇಲ್ಲ. ಅವನಿಗದು ದಿನಾ ಕೇಳುವ ಸದ್ದು.

ವೇದಿಕೆಯ ಮೇಲೂ ಇದೇ ಕಾಣುತ್ತದೆ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ, 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಅವರು ತಲೆಯ ಮೇಲೆ ಕೊಡ ಹೊತ್ತು ಕುಣಿಯುವಾಗ ಕೇಳುವುದು ಯಲ್ಲಮ್ಮನ ಪದವೇ. ಆದರೆ ಕೊಡ ಬೀಳದಂತೆ ಕುಣಿಯುವುದಕ್ಕೆ ಬೇಕಾದದ್ದು ಪೂರ್ತಿ ಎಚ್ಚರ ಮತ್ತು ವರ್ಷಗಳ ರೂಢಿ.

ದೇವಿ ಮೈಮೇಲೆ ಬರುತ್ತಾಳೆಂಬ ನಂಬಿಕೆಯ ಕಹಿ ಮುಖವನ್ನು ಬಿಟ್ಟು ಬರೆದರೆ ತಪ್ಪಾದೀತು. ಕೂದಲು ಜಡೆಗಟ್ಟಿದ್ದನ್ನು, ಮೈಮೇಲೆ ಬಂದದ್ದನ್ನು ದೇವಿಯ ಕರೆ ಎಂದು ತಿಳಿದು ಹೆಣ್ಣುಮಕ್ಕಳನ್ನು ಮುತ್ತು ಕಟ್ಟಿ ದೇವದಾಸಿಯರಾಗಿ ಬಿಡುತ್ತಿದ್ದ ಕಾಲ ದೂರದ್ದೇನಲ್ಲ. ಅದನ್ನು ತಡೆಯಲು ರಾಜ್ಯ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ತಂದಿತು. ಇನ್ನು ವೈದ್ಯರ ಮಾತು: ಆಚರಣೆಯ ನಡುವೆ ಬಂದು, ಆಚರಣೆಯೊಡನೆ ಹೋಗುವ ಆವೇಶವನ್ನು ಅಂತಾರಾಷ್ಟ್ರೀಯ ರೋಗಪಟ್ಟಿ ಕಾಯಿಲೆ ಎನ್ನುವುದಿಲ್ಲ. ಬೇಡವೆಂದರೂ ಬರುವುದು, ಮನೆಯ ಕೆಲಸ ಕೂಲಿ ಎಲ್ಲವನ್ನೂ ಕೆಡಿಸುವುದು ಕಾಯಿಲೆ. ಅಂಥವರನ್ನು ಧಾರವಾಡದ ಡಿಮ್ಹಾನ್ಸ್ ಮನೋವೈದ್ಯ ಆಸ್ಪತ್ರೆಗೆ ತೋರಿಸಬಹುದು, ಸವದತ್ತಿಯಿಂದ ಅದು ಸುಮಾರು 40 ಕಿ.ಮೀ.

ಇಯರ್‌ಫೋನ್ ಹಾಕಿಕೊಳ್ಳುವವರಿಗೆ

ಆ್ಯಪ್ ಕೇಳಿ ನಿದ್ದೆ ಬಂತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ದೀಪ ಆರಿಸಿ, ಅರ್ಧ ಗಂಟೆ ಸುಮ್ಮನೆ ಮಲಗಿ, ಒಂದೇ ಸದ್ದು ಕೇಳುತ್ತ ನಿಧಾನ ಉಸಿರಾಡಿದರೆ ಬಹಳ ಜನರಿಗೆ ನಿದ್ದೆ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಓಂಕಾರ ಉಚ್ಚರಿಸುವಾಗ ಭಾವನೆಗೆ ಸಂಬಂಧಿಸಿದ ಮಿದುಳಿನ ಭಾಗಗಳ ಚಟುವಟಿಕೆ ತಗ್ಗಿದ್ದು ಸ್ಕ್ಯಾನಿನಲ್ಲಿ ಕಂಡಿತು. ಬರಿ ‘ಸ್ಸ್ಸ್’ ಎಂದಾಗ ಹಾಗಾಗಲಿಲ್ಲ. ಅಲ್ಲಿ ನಾದ ಹೊರಟದ್ದು ಅವರವರ ಗಂಟಲಿನಿಂದಲೇ, ಇಯರ್‌ಫೋನಿನಿಂದಲ್ಲ.

ಸದ್ದಿಗಿಂತ ಮಿನುಗುವ ಬೆಳಕು ಮಿದುಳನ್ನು ಬಲವಾಗಿ ಎಳೆಯುತ್ತದೆ. 1997ರ ಡಿಸೆಂಬರಿನಲ್ಲಿ ಜಪಾನಿನ ಟಿವಿಯಲ್ಲಿ ಪೋಕೆಮಾನ್ ಕಾರ್ಟೂನಿನ ಕೆಂಪು ನೀಲಿ ಮಿನುಗು ನೋಡಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ದರು. ಹಾಗಾಗಿ ಬೆಳಕು ಸದ್ದು ಎರಡನ್ನೂ ಕೂಡಿಸಿದ ಯಂತ್ರಗಳ ಹತ್ತಿರ ಮೂರ್ಛೆರೋಗ ಇರುವವರು ಸುಳಿಯಬಾರದು. ಸ್ವರ ಎಂಥದ್ದೇ ಇರಲಿ, ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಾರಕ್ಕೆ 40 ಗಂಟೆ ಕೇಳುವವರಿಗೆ ಮಿತಿ 80 ಡೆಸಿಬೆಲ್. ಟ್ರಾಕ್ಟರ್ ಓಡಿಸುವಾಗ, ಬೈಕಿನ ಮೇಲೆ ಇಯರ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಳ್ಳಲೇಬೇಡಿ.